ಪ್ರತಿ ಪಾತ್ರಕ್ಕೂ ಅದರದೇ ಕಣ್ಣು

ಒಂದು ಮನೆಯಲ್ಲಿ ಹಸುವನ್ನು ಮಾರುತ್ತಾರೆ. ಮಗನ ಕಾಲೇಜು ಶುಲ್ಕ ಕಟ್ಟಬೇಕಾಗಿದೆ. ಇಷ್ಟನ್ನೇ ಇಟ್ಟುಕೊಂಡು ಕಥೆ ಬರೆಯಲು ಕುಳಿತರೆ, ವಿದ್ಯಾರ್ಥಿ ಮಿತ್ರರೇ, ಮೊದಲು ಏಳುವ ಪ್ರಶ್ನೆ: ಇದನ್ನು ಯಾರ ಕಣ್ಣಿನಿಂದ ನೋಡಬೇಕು?

ತಂದೆಗೆ ಕಾಣುವುದು ಲೆಕ್ಕ: ದಲ್ಲಾಳಿ ಎಷ್ಟಕ್ಕೆ ಒಪ್ಪಿದ, ಇನ್ನೆಷ್ಟು ಸಾಲ ತರಬೇಕು. ತಾಯಿಗೆ ಕಾಣುವುದು ಬರಿದಾದ ಕೊಟ್ಟಿಗೆ, ಸಂಜೆ ಮರೆತು ತೊಳೆದಿಟ್ಟ ಹಾಲಿನ ತಂಬಿಗೆ. ಮಗನಿಗೆ ಶುಲ್ಕ ಕಟ್ಟುವ ಕಡೆಯ ದಿನಾಂಕದ ಹೊರತು ಬೇರೇನೂ ಕಾಣದು. ಘಟನೆ ಒಂದೇ, ಕಥೆಗಳು ಮೂರು.

ಇದನ್ನು ಪಾತ್ರದ ದೃಷ್ಟಿಕೋನ ಎನ್ನುತ್ತೇವೆ. 'ನಾನು' ಎಂದು ಬರೆದ ಮಾತ್ರಕ್ಕೆ ಅದು ಬಂದುಬಿಡುವುದಿಲ್ಲ. 'ಅವನು', 'ಅವಳು' ಎಂದು ಬರೆದರೂ ಬರಬಲ್ಲದು. ಪಾತ್ರ ಏನನ್ನು ಗಮನಿಸುತ್ತದೆ, ಏನನ್ನು ಅರಿಯದು, ಯಾವ ಮಾತಿನಲ್ಲಿ ಯೋಚಿಸುತ್ತದೆ ಎಂಬ ಮೂರರಲ್ಲಿ ಅದು ಅಡಗಿದೆ.

ಎಸ್.ಎಲ್. ಭೈರಪ್ಪನವರ 'ಪರ್ವ' (1979) ಇದಕ್ಕೆ ಒಳ್ಳೆಯ ನಿದರ್ಶನ. ಯುದ್ಧದ ಸುದ್ದಿ ಹಬ್ಬುತ್ತಿರುವಾಗ ಮದ್ರದೇಶದ ಮುದಿ ರಾಜ ಶಲ್ಯನಿಗೆ ಮೊಮ್ಮಗಳ ಮದುವೆಯ ಚಿಂತೆ. ಮುಂದೆ ಕುಂತಿ, ಭೀಮ, ದ್ರೌಪದಿ, ಅರ್ಜುನ ಮೊದಲಾದವರ ನೆನಪುಗಳಲ್ಲಿ ಕಥೆ ಬೆಳೆಯುತ್ತದೆ. ದ್ರೌಪದಿ ಐವರ ಹೆಂಡತಿಯಾದುದು ಕುಂತಿಗೆ ಮಕ್ಕಳ ಒಗ್ಗಟ್ಟಿನ ಮಾತು. ಅರ್ಜುನನಿಗೆ ತಾನು ಗೆದ್ದವಳನ್ನು ಹಂಚಿಕೊಂಡ ನೋವು. ದ್ರೌಪದಿಗೆ ದಿನದಿನದ ಬಾಳು. ಯಾರದು ಸರಿ ಎಂಬ ತೀರ್ಪು ಓದುಗನ ಪಾಲಿಗೆ ಉಳಿಯುತ್ತದೆ.

ಹೊಸ ಬರಹಗಾರರು ಎಡವುವುದು ಒಂದು ಕಡೆ. ತಂದೆಯ ಕಣ್ಣಿನಿಂದ ಬರೆಯುತ್ತ 'ಮಗನಿಗೆ ಒಳಗೊಳಗೇ ಸಂಕಟವಾಯಿತು' ಎಂದುಬಿಡುತ್ತಾರೆ. ಮಗನ ಒಳಗನ್ನು ತಂದೆ ಹೇಗೆ ಕಂಡಾನು? ಅವನು ಕಂಡದ್ದು ಇಷ್ಟೆ: ಹಸುವನ್ನು ಹೊಡೆದುಕೊಂಡು ಹೋಗುವಾಗ ಹುಡುಗ ಹೊರಗೆ ಬರಲಿಲ್ಲ. ಅದನ್ನು ಅವನು ಉದಾಸೀನವೆಂದೇ ತಿಳಿದಾನು. ಮಗನ ಸರದಿ ಬಂದಾಗ, ಅವನು ಬಾಗಿಲ ಹಿಂದೆ ನಿಂತಿದ್ದನೆಂದು ನಮಗೆ ತಿಳಿಯುತ್ತದೆ. ಈ ಎರಡರ ನಡುವಿನ ಅಂತರವೇ ಕಥೆ. ಲೇಖಕನೇ ಮೊದಲು ಎಲ್ಲವನ್ನೂ ಹೇಳಿಬಿಟ್ಟರೆ ಆ ಅಂತರ ಮುಚ್ಚಿಹೋಗುತ್ತದೆ.

ತನ್ನನ್ನು ತಾನು ಕೆಟ್ಟವನೆಂದು ತಿಳಿದು ಬಾಳುವವರು ವಿರಳ. ಆದ್ದರಿಂದ ನಮಗೆ ಹಿಡಿಸದ ಪಾತ್ರಕ್ಕೂ ಅದರದೇ ನ್ಯಾಯ ಸಲ್ಲಬೇಕು.

ಒಂದು ಅಭ್ಯಾಸ ಮಾಡಿ ನೋಡಿ. ಮನೆಯಲ್ಲಿ ನೀವು ಆಡಿದ ಒಂದು ಜಗಳವನ್ನು ಎದುರಿನವರ ಕಡೆಯಿಂದ ಒಂದು ಪುಟ ಬರೆಯಿರಿ. ಬರೆದು ಮುಗಿಸಿದ ಮೇಲೂ ನಿಮ್ಮದೇ ಪೂರ್ತಿ ಸರಿ ಎನಿಸಿದರೆ, ಇನ್ನೊಮ್ಮೆ ಬರೆಯಿರಿ.