ಮೂವರು ದೋಣಿ ಹತ್ತಿದ ರಾತ್ರಿ

1861ರ ಮೇ 23. ಅಮೆರಿಕದ ಒಕ್ಕೂಟದಿಂದ ತಮ್ಮ ರಾಜ್ಯ ಹೊರಬೀಳಲೇಬೇಕು ಎಂದು ವರ್ಜೀನಿಯದ ಮತದಾರರು ಓಟು ಹಾಕಿ ಮುದ್ರೆ ಒತ್ತಿದ ದಿನ. ಅದೇ ರಾತ್ರಿ, ಅದೇ ವರ್ಜೀನಿಯದ ಕಡಲಂಚಿನಲ್ಲಿ, ಓಟಿನ ಹಕ್ಕಿರಲಿ, ತಮ್ಮ ಮೈಮೇಲೂ ಹಕ್ಕಿಲ್ಲದ ಮೂವರು ಗುಲಾಮರು ಒಂದು ದೋಣಿ ಹತ್ತಿದರು. ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್. ಹ್ಯಾಂಪ್ಟನ್ ರೋಡ್ಸ್ ಎಂಬ ಹಿನ್ನೀರಿನ ಆಚೆ ದಡದಲ್ಲಿ ದಕ್ಷಿಣದ ಸೇನೆಯ ಫಿರಂಗಿಗಳಿಗೆ ದಿಬ್ಬ ಕಟ್ಟುವ ಕೆಲಸಕ್ಕೆ ಅವರನ್ನು ಹಚ್ಚಿದ್ದರು. ಅದು ಮುಗಿದರೆ ಮನೆಯವರಿಂದ ದೂರ, ಉತ್ತರ ಕೆರೊಲಿನಕ್ಕೆ ಸಾಗಿಸುವುದೆಂದು ನಿಶ್ಚಯವಾಗಿತ್ತು. ಮೂವರೂ ಕತ್ತಲಲ್ಲಿ ಹುಟ್ಟು ಹಾಕಿ ನೀರು ದಾಟಿದರು. ಉತ್ತರದ ಸೇನೆಯ ಕೈಯಲ್ಲೇ ಉಳಿದಿದ್ದ ಮನ್ರೋ ಕೋಟೆಯ ಬಾಗಿಲಿಗೆ ಬಂದು ನಿಂತರು.

ಅಮೆರಿಕದ ಅಂತರ್ಯುದ್ಧ ಎಂದರೆ ನಮಗೆ ಲಿಂಕನ್, ಗೆಟ್ಟಿಸ್‌ಬರ್ಗ್, ಗಡ್ಡದ ದಳಪತಿಗಳು. ಆ ಯುದ್ಧದ ದಾರಿಯನ್ನೇ ತಿರುಗಿಸಿದವರ ಪಟ್ಟಿಯಲ್ಲಿ ಈ ಮೂವರು ಇದ್ದಾರೆ ಎಂದರೆ ನಂಬುವುದು ಹೇಗೆ? ಆದರೆ ಇದ್ದಾರೆ, ಮತ್ತು ಮುಂಚೂಣಿಯಲ್ಲೇ ಇದ್ದಾರೆ!

ಮೊದಲು ಆ ಜಾಗವನ್ನೇ ನೋಡಿ. ಕೋಟೆ ನಿಂತಿರುವುದು ಪಾಯಿಂಟ್ ಕಂಫರ್ಟ್ ಎಂಬ ಭೂಶಿರದ ಮೇಲೆ. 1619ರ ಆಗಸ್ಟ್ ಕೊನೆಯಲ್ಲಿ, ಇಂಗ್ಲಿಷರ ವರ್ಜೀನಿಯಕ್ಕೆ ಮೊಟ್ಟಮೊದಲು ಆಫ್ರಿಕದ ಸೆರೆಯಾಳುಗಳನ್ನು, ಇಪ್ಪತ್ತಕ್ಕೆ ಒಂದೆರಡು ಹೆಚ್ಚು ಜನರನ್ನು, ಹಡಗಿನಿಂದ ಇಳಿಸಿ ಮಾರಿದ್ದು ಇಲ್ಲಿಯೇ. ಎರಡೂವರೆ ಶತಮಾನದ ಗುಲಾಮಗಿರಿ ಯಾವ ದಡದಲ್ಲಿ ಕಾಲಿಟ್ಟಿತೋ ಅದೇ ದಡಕ್ಕೆ ಈ ಮೂವರು ಬಿಡುಗಡೆ ಹುಡುಕಿಕೊಂಡು ಬಂದರು. ಇಷ್ಟಕ್ಕೇ ಮುಗಿಯುವುದಿಲ್ಲ. 1830ರ ದಶಕದ ಮೊದಲ ವರ್ಷಗಳಲ್ಲಿ ಈ ಕೋಟೆಯನ್ನು ಕಟ್ಟುವ ಕೆಲಸದಲ್ಲಿದ್ದ ತರುಣ ಎಂಜಿನಿಯರ್ ಅಧಿಕಾರಿ ಯಾರು ಗೊತ್ತೇ? ರಾಬರ್ಟ್ ಇ. ಲೀ. ಮುಂದೆ ದಕ್ಷಿಣದ ಮಹಾದಳಪತಿಯಾದವನು! ಇನ್ನು ಯುದ್ಧ ಮುಗಿದ ಮೇಲೆ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನನ್ನು ಎರಡು ವರ್ಷ ಸೆರೆಯಲ್ಲಿಟ್ಟದ್ದೂ ಈ ಕೋಟೆಯಲ್ಲಿಯೇ. ಕಾದಂಬರಿಕಾರನೊಬ್ಬ ಹೀಗೆ ಹೆಣೆದಿದ್ದರೆ, ಅತಿಯಾಯಿತಪ್ಪ ಎಂದು ಪುಸ್ತಕ ಮಡಚಿಡುತ್ತಿದ್ದೆವು.

ಯುದ್ಧ ಏಕೆ ಹತ್ತಿಕೊಂಡಿತು ಎಂಬುದರಲ್ಲಿ ಗೊಂದಲವೇನಿಲ್ಲ, ಗೊಂದಲ ಎಬ್ಬಿಸಿದವರು ಆಮೇಲಿನವರು. 1860ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆ ಸುಮಾರು 39.5 ಲಕ್ಷ. ಹೊಸ ಪ್ರಾಂತ್ಯಗಳಿಗೆ ಗುಲಾಮಗಿರಿ ಹರಡಕೂಡದು ಎಂಬ ಪಕ್ಷದ ಲಿಂಕನ್ ಆ ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆ ಗೆದ್ದ. ಡಿಸೆಂಬರ್ 20ಕ್ಕೆ ದಕ್ಷಿಣ ಕೆರೊಲಿನ ಹೊರನಡೆಯಿತು. ಹಿಂದೆಯೇ ಒಂದೊಂದಾಗಿ ಹತ್ತು ರಾಜ್ಯಗಳು. ಹೊರನಡೆದ ಕಾರಣವನ್ನು ದಕ್ಷಿಣ ಕೆರೊಲಿನ, ಮಿಸಿಸಿಪಿಗಳು ತಾವೇ ಬರೆದು ಪ್ರಕಟಿಸಿದವು: ಗುಲಾಮಗಿರಿಗೆ ಅಪಾಯ ಬಂದಿದೆ ಎಂದು. 1861ರ ಏಪ್ರಿಲ್ 12ರ ನಸುಕಿನಲ್ಲಿ ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ಗುಂಡು ಹಾರಿಸಿದರು.

ಹಾಗಾದರೆ ಉತ್ತರ ಗುಲಾಮಗಿರಿಯ ವಿರುದ್ಧ ಕತ್ತಿ ಹಿರಿಯಿತೇ? ಇಲ್ಲ! ಬೆರಗಾಗುವುದು ಇಲ್ಲಿ. ಗುಲಾಮಗಿರಿ ಇರುವ ಕಡೆ ತಾನು ಅದನ್ನು ಮುಟ್ಟುವುದಿಲ್ಲ ಎಂದು ಲಿಂಕನ್ ಅಧಿಕಾರ ಸ್ವೀಕರಿಸಿದ ದಿನವೇ ಮಾತು ಕೊಟ್ಟಿದ್ದ. ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸೌರಿ ಎಂಬ ನಾಲ್ಕು ಗುಲಾಮಿ ರಾಜ್ಯಗಳು ಅವನ ಕಡೆಗೇ ಇದ್ದವು. ಓಡಿಹೋದ ಗುಲಾಮನನ್ನು ಒಡೆಯನಿಗೆ ಹಿಡಿದೊಪ್ಪಿಸಬೇಕು ಎಂಬ 1850ರ ಕಾನೂನು ಇನ್ನೂ ಜಾರಿಯಲ್ಲಿತ್ತು. ಒಕ್ಕೂಟ ಉಳಿಸುವುದಷ್ಟೇ ಗುರಿ ಎಂದು ಹೊರಟ ಯುದ್ಧ ಅದು.

ಆ ಮೂವರು ಬಂದು ನಿಂತದ್ದು ಬೆಂಜಮಿನ್ ಬಟ್ಲರ್ ಎಂಬ ದಳಪತಿಯ ಮುಂದೆ. ಸೈನ್ಯದಲ್ಲಿ ಅವನ ಹೆಸರು ಅಂಥ ದೊಡ್ಡದೇನಲ್ಲ, ಆದರೆ ಮ್ಯಾಸಚೂಸೆಟ್ಸ್‌ನ ಪಕ್ಕಾ ವಕೀಲ. ಮರುದಿನ ಬಿಳಿ ಬಾವುಟ ಹಿಡಿದು ದಕ್ಷಿಣದ ಮೇಜರ್ ಒಬ್ಬ ಬಂದ. ಮೂವರ ಒಡೆಯನಾದ ಕರ್ನಲ್ ಮ್ಯಾಲರಿಯ ಆಳುಗಳನ್ನು ಕಾನೂನಿನಂತೆ ಒಪ್ಪಿಸಿ ಎಂದ. ಬಟ್ಲರ್ ಹೂಡಿದ ವಾದ ಕೇಳಿದರೆ ಯಾವ ಕೋರ್ಟಿನ ಕಟ್ಟೆಯ ಮೇಲಾದರೂ ಚಪ್ಪಾಳೆ ಬೀಳುತ್ತದೆ. ವರ್ಜೀನಿಯ ಈಗ ಪರದೇಶ ಎಂದು ನೀವೇ ಹೇಳುತ್ತೀರಿ, ಪರದೇಶದವರಿಗೆ ಅಮೆರಿಕದ ಕಾನೂನು ಏಕೆ ಅನ್ವಯಿಸಬೇಕು? ಗುಲಾಮರು ಆಸ್ತಿ ಎಂಬುದೂ ನಿಮ್ಮದೇ ಮಾತು. ಆ ಆಸ್ತಿಯಿಂದ ನನ್ನ ಮೇಲೆ ಹಾರಿಸುವ ಫಿರಂಗಿಗೆ ದಿಬ್ಬ ಕಟ್ಟಿಸುತ್ತಿದ್ದೀರಿ, ಅಂದಮೇಲೆ ಅದು ಶತ್ರುವಿನ ಯುದ್ಧಸಾಮಗ್ರಿ, ಜಪ್ತಿ ಮಾಡಿದ್ದೇನೆ. ಬೇಕಿದ್ದರೆ ಕರ್ನಲ್ ಇಲ್ಲಿಗೆ ಬಂದು ಅಮೆರಿಕಕ್ಕೆ ನಿಷ್ಠನಾಗಿರುತ್ತೇನೆಂದು ಪ್ರಮಾಣ ಮಾಡಿ ಕರೆದುಕೊಂಡು ಹೋಗಲಿ!

ಮನುಷ್ಯರನ್ನು ಸಾಮಾನೆಂದು ಕರೆದೇ ಅವರನ್ನು ಉಳಿಸಿದ ವಾದ ಇದು, ಅದರ ಕಹಿ ನಾಲಗೆಯ ಮೇಲೆ ನಿಲ್ಲುತ್ತದೆ. ಆದರೂ ಸುದ್ದಿ ಹರಡಿತು ನೋಡಿ. ಓದು ಬರಹ ಕಲಿಸುವುದನ್ನು ಕಾನೂನೇ ನಿಷೇಧಿಸಿದ್ದ ಜನರ ನಡುವೆ, ಯಾವ ತಂತಿ, ಯಾವ ಪತ್ರಿಕೆಯೂ ಇಲ್ಲದೆ, ಅಡುಗೆಮನೆಯಿಂದ ಹೊಲಕ್ಕೆ, ಹೊಲದಿಂದ ದೋಣಿಕಟ್ಟೆಗೆ. ಎರಡು ದಿನಕ್ಕೆ ಎಂಟು ಜನ ಬಂದರು. ಮಾರನೇ ದಿನ ಮಕ್ಕಳು ಮುದುಕರು ಸಮೇತ ಹತ್ತಾರು ಜನ. ಜುಲೈ ಕೊನೆಗೆ ಸುಮಾರು ಒಂಬೈನೂರು. ಆಗಸ್ಟ್ 6ಕ್ಕೆ ಕಾಂಗ್ರೆಸ್ಸು ಎದ್ದು, ದಂಗೆಗೆ ದುಡಿಸಿಕೊಂಡ ಗುಲಾಮರ ಮೇಲೆ ಒಡೆಯರಿಗೆ ಹಕ್ಕಿಲ್ಲ ಎಂಬ ಕಾಯಿದೆ ಮಾಡಬೇಕಾಯಿತು. ಮಾರನೇ ದಿನವೇ ದಕ್ಷಿಣದ ಸೇನೆ ಪಕ್ಕದ ಹ್ಯಾಂಪ್ಟನ್ ಊರಿಗೆ ಬೆಂಕಿಯಿಟ್ಟಿತು. ಸುಟ್ಟುಳಿದ ಗೋಡೆಗಳಿಗೇ ಆತು ಬಿಡುಗಡೆಯಾದವರು ಗುಡಿಸಲು ಹಾಕಿಕೊಂಡು ಬೀದಿಗೆ ಬೀದಿ ಕಟ್ಟಿದರು. ಅಲ್ಲೊಂದು ಓಕ್ ಮರದಡಿ ಮೇರಿ ಪೀಕ್ ಎಂಬ ಸ್ವತಂತ್ರ ಕಪ್ಪು ಮಹಿಳೆ ಪಾಠ ಶುರುಮಾಡಿದಳು. ಆ ಮರ ಇವತ್ತಿಗೂ ಹ್ಯಾಂಪ್ಟನ್ ವಿಶ್ವವಿದ್ಯಾಲಯದ ಆವರಣದಲ್ಲಿ ಕೊಂಬೆ ಹರಡಿಕೊಂಡು ನಿಂತಿದೆ!

ಉತ್ತರದ ಸೈನ್ಯ ಎಲ್ಲಿ ಡೇರೆ ಹಾಕಿದರೂ ಇದೇ ಕಥೆ. ದಳಪತಿಗಳಿಗೆ ಆದೇಶ ಬರುವ ಮೊದಲೇ ಜನ ಬಂದಿರುತ್ತಿದ್ದರು.

ಆದರೆ ನನಗೆ ಮೈ ಜುಮ್ಮೆನ್ನಿಸಿದ್ದು ಚಾರ್ಲ್ಸ್‌ಟನ್ನಿನ ಕಥೆ. ರಾಬರ್ಟ್ ಸ್ಮಾಲ್ಸ್, ವಯಸ್ಸು 23, ಗುಲಾಮ. ದಕ್ಷಿಣದ ಸೇನೆಗೆ ಫಿರಂಗಿ, ಮದ್ದುಗುಂಡು ಸಾಗಿಸುವ ಪ್ಲಾಂಟರ್ ಎಂಬ ಉಗಿಹಡಗಿನ ಚುಕ್ಕಾಣಿ ಅವನ ಕೈಯಲ್ಲಿ. 1862ರ ಮೇ 12ರ ರಾತ್ರಿ ಬಿಳಿಯ ಅಧಿಕಾರಿಗಳು ಮೂವರೂ ನಿಯಮ ಮುರಿದು ಮನೆಗೆ ಮಲಗಲು ಹೋದರು. ಹಡಗು ನಿಂತಿದ್ದು ದಕ್ಷಿಣದ ದಳಪತಿಯ ಕಚೇರಿಯ ಎದುರಿಗೇ. ಕಾವಲುಗಾರರ ಕಣ್ಣೆದುರೇ ಸ್ಮಾಲ್ಸ್ ಬಾಯ್ಲರಿಗೆ ಬೆಂಕಿ ಹಾಕಿಸಿದ, ಕ್ಯಾಪ್ಟನ್ನನ ಹುಲ್ಲು ಟೋಪಿ ತಲೆಗಿಟ್ಟ, ಬಾವುಟ ಏರಿಸಿದ, ಇನ್ನೊಂದು ಕಟ್ಟೆಗೆ ಹೋಗಿ ಅಡಗಿ ಕಾಯುತ್ತಿದ್ದ ಹೆಂಡತಿ ಹ್ಯಾನಾ, ಮಕ್ಕಳು, ಸಂಗಡಿಗರ ಮನೆಯವರನ್ನು ಹತ್ತಿಸಿಕೊಂಡ. ಸಿಕ್ಕಿಬಿದ್ದರೆ ಹಡಗಿನೊಂದಿಗೇ ಸಾಯುವುದು ಎಂದು ಮಾತಾಗಿತ್ತು.

ಒಂದಾದ ಮೇಲೊಂದು ಕಾವಲು ಕೋಟೆ. ಪ್ರತಿ ಕೋಟೆಗೂ ಕೊಡಬೇಕಾದ ಸೀಟಿಯ ಸಂಕೇತ ಅವನಿಗೆ ಬಾಯಿಪಾಠ. ಕೊನೆಗೆ ಬಂತು ಸಮ್ಟರ್, ಯುದ್ಧದ ಮೊದಲ ಗುಂಡು ಬಿದ್ದ ಅದೇ ಸಮ್ಟರ್. ಮಸುಕು ಬೆಳಕಿನಲ್ಲಿ ಸ್ಮಾಲ್ಸ್ ಕ್ಯಾಪ್ಟನ್ ನಿಲ್ಲುವ ಭಂಗಿಯಲ್ಲೇ ಕಿಟಕಿಗೆ ಒರಗಿ ನಿಂತ. ಕೋಟೆಯವರು ಹೋಗು ಎಂದರು. ಫಿರಂಗಿಯ ಗುಂಡು ತಲುಪದಷ್ಟು ದೂರ ಸಾಗಿದ್ದೇ ತಡ, ದಕ್ಷಿಣದ ಬಾವುಟ ಕೆಳಗಿಳಿಯಿತು, ಬಿಳಿಯ ಹಾಸಿಗೆ ಬಟ್ಟೆ ಮೇಲೇರಿತು. ಎದುರಿಗಿದ್ದ ಉತ್ತರದ ಹಡಗು ಆನ್‌ವರ್ಡ್ ಅಷ್ಟರಲ್ಲಿ ಫಿರಂಗಿಗಳನ್ನು ಇತ್ತ ತಿರುಗಿಸಿತ್ತು. ಆ ಬಿಳಿ ಬಟ್ಟೆ ಕೊನೇ ಗಳಿಗೆಯಲ್ಲಿ ಕಣ್ಣಿಗೆ ಬಿತ್ತು. ಹಡಗಿನಲ್ಲಿ ಹದಿನಾರು ಜೀವಗಳು. ಜೊತೆಗೆ ಫಿರಂಗಿಗಳು, ಸಂಕೇತಗಳ ಪುಸ್ತಕ, ಬಂದರಿನ ಅಡಿ ಅಡಿಯನ್ನೂ ಬಲ್ಲ ಒಂದು ತಲೆ!

ಆ ಆಗಸ್ಟ್‌ನಲ್ಲಿ ಸ್ಮಾಲ್ಸ್ ವಾಷಿಂಗ್ಟನ್‌ಗೆ ಹೋಗಿ ಯುದ್ಧ ಸಚಿವ ಸ್ಟ್ಯಾಂಟನ್‌ನನ್ನು ಕಂಡ. ಆ ತಿಂಗಳು ಮುಗಿಯುವ ಮೊದಲೇ, ದಕ್ಷಿಣ ಕೆರೊಲಿನದ ಕರಾವಳಿಯಲ್ಲಿ ಐದು ಸಾವಿರದವರೆಗೆ ಕಪ್ಪು ಜನರನ್ನು ಸೈನಿಕರಾಗಿ ಸೇರಿಸಿಕೊಳ್ಳಲು ಸ್ಟ್ಯಾಂಟನ್ ಅನುಮತಿ ಕೊಟ್ಟ.

ಅತ್ತ ದಕ್ಷಿಣ ನೆಚ್ಚಿಕೊಂಡಿದ್ದು ಹತ್ತಿಯನ್ನು. ಲ್ಯಾಂಕಶೈರಿನ ಗಿರಣಿಗಳ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ಗುಲಾಮರ ಕೈಯಿಂದ ಬರುತ್ತಿತ್ತು. ಅದು ನಿಂತರೆ ಇಂಗ್ಲೆಂಡು ತಾನಾಗಿ ನಮ್ಮ ಪಕ್ಷಕ್ಕೆ ಬರುತ್ತದೆ ಎಂದು ಲೆಕ್ಕ. ಹತ್ತಿ ನಿಂತಿತು, ಗಿರಣಿಗಳೂ ನಿಂತವು, ಇಂಗ್ಲೆಂಡು ಮಾತ್ರ ಬೇರೆ ಹತ್ತಿ ಹುಡುಕಲು ಹೊರಟಿತು. ಎಲ್ಲಿಗೆ? ನಮ್ಮ ಧಾರವಾಡಕ್ಕೂ! 1840ರ ದಶಕದಿಂದಲೇ ಧಾರವಾಡದ ಎರೆ ಹೊಲಗಳಲ್ಲಿ ಜವಾರಿ ಹತ್ತಿಯ ಪಕ್ಕದಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ವಿಲಾಯತಿ ಹತ್ತಿ ಬೆಳೆಯುತ್ತಿತ್ತು. ವ್ಯಾಪಾರಿಗಳಿಗೆ ಅದು ಧಾರವಾಡ–ಅಮೆರಿಕನ್. ಮಿಸಿಸಿಪಿ ದಂಡೆಯಲ್ಲಿ ಗುಲಾಮರು ಬೆಳೆದ ತಳಿಯ ಸಂತಾನ, ಅವರ ಬಿಡುಗಡೆಯ ಯುದ್ಧ ನಡೆಯುವಾಗ ನಮ್ಮ ರೈತನ ಹೊಲದಲ್ಲಿ ಬಂಗಾರದ ಬೆಲೆಗೆ ಏರಿತು. ಆ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಿಂದ ಹಡಗು ಹತ್ತಿಸಬೇಕೆಂಬ ಲೆಕ್ಕಾಚಾರವೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದಿತ್ತು. ವರ್ಜೀನಿಯದ ಗುಂಡಿನ ಸದ್ದು ನಮ್ಮ ನಕಾಶೆಯ ಗೆರೆಯನ್ನು ಅಲ್ಲಾಡಿಸಿದೆ ಎಂದು ಶಾಲೆಯಲ್ಲಿ ಯಾರೂ ನಮಗೆ ಹೇಳಲಿಲ್ಲವಲ್ಲ!

ಮತ್ತೆ ಅಮೆರಿಕಕ್ಕೆ. 1862ರ ಸೆಪ್ಟೆಂಬರ್ 13, ಮೇರಿಲ್ಯಾಂಡಿನ ಫ್ರೆಡರಿಕ್ ಊರಿನ ಬಳಿ ಒಂದು ಹುಲ್ಲುಗಾವಲು. ದಣಿದು ಕೂತ ಉತ್ತರದ ಕಾರ್ಪೊರಲ್ ಬಾರ್ಟನ್ ಮಿಚೆಲ್‌ಗೆ ಒಂದು ಪೊಟ್ಟಣ ಸಿಕ್ಕಿತು. ಒಳಗೆ ಮೂರು ಚುಟ್ಟಾ. ಸುತ್ತಿದ ಕಾಗದ? ಲೀ ತನ್ನ ಸೈನ್ಯವನ್ನು ಎಲ್ಲೆಲ್ಲಿ ಒಡೆದು ಕಳಿಸಿದ್ದಾನೆ ಎಂಬ ಗುಪ್ತ ಆದೇಶ! ಇದನ್ನು ಕೈಗೆ ಕೊಟ್ಟರೂ ಉತ್ತರದ ದಳಪತಿ ಮೆಕ್ಲೆಲನ್ ಆಮೆಯಂತೆ ನಡೆದ, ಅದು ಅವನ ಗುಣ. ನಾಲ್ಕು ದಿನದ ಮೇಲೆ ಆಂಟೀಟಮ್ ಹಳ್ಳದ ದಂಡೆಯಲ್ಲಿ ಒಂದೇ ಹಗಲಿಗೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 23 ಸಾವಿರ. ಲೀ ಹಿಂದೆ ಸರಿದ. ಒಂದು ಗೆಲುವಿಗಾಗಿ ಕಾದಿದ್ದ ಲಿಂಕನ್‌ಗೆ ಅಷ್ಟು ಸಾಕಾಯಿತು. ಸೆಪ್ಟೆಂಬರ್ 22ಕ್ಕೆ ಘೋಷಣೆ: ಜನವರಿ 1ರೊಳಗೆ ದಂಗೆ ನಿಲ್ಲದಿದ್ದರೆ ದಂಗೆಯೆದ್ದ ನಾಡಿನ ಗುಲಾಮರೆಲ್ಲ ಸ್ವತಂತ್ರರು. ತಾನೇ ಗುಲಾಮಗಿರಿ ರದ್ದು ಮಾಡಿದ್ದ ಇಂಗ್ಲೆಂಡು ಇನ್ನು ಯಾವ ಮುಖ ಹೊತ್ತು ದಕ್ಷಿಣದ ಕೈ ಹಿಡಿದೀತು?

ಆಮೇಲಿನ ಯುದ್ಧ ನಾಗಾಲೋಟ. 1863ರ ಜುಲೈ 3ಕ್ಕೆ ಗೆಟ್ಟಿಸ್‌ಬರ್ಗಿನಲ್ಲಿ ಲೀ ಮುರಿದ, ಮಾರನೇ ದಿನ ವಿಕ್ಸ್‌ಬರ್ಗ್ ಉತ್ತರದ ದಳಪತಿ ಗ್ರಾಂಟನಿಗೆ ಶರಣಾಯಿತು, ಮಿಸಿಸಿಪಿ ನದಿ ಉತ್ತರದ ಪಾಲಾಯಿತು. ಆ ಜೂನ್‌ನಲ್ಲಿಯೇ ಹ್ಯಾರಿಯೆಟ್ ಟಬ್‌ಮನ್, ತಾನೇ ಗುಲಾಮಗಿರಿಯಿಂದ ಓಡಿಬಂದವಳು, ಕಾಂಬಾಹೀ ನದಿಯ ಗುಂಟ ಸೈನಿಕ ದೋಣಿಗಳಿಗೆ ದಾರಿ ತೋರಿಸಿ ಒಂದೇ ದಾಳಿಯಲ್ಲಿ ಏಳುನೂರಕ್ಕೂ ಹೆಚ್ಚು ಜನರನ್ನು ಬಿಡಿಸಿ ತಂದಳು. ಕಪ್ಪು ಸೈನಿಕರು ಕೊನೆಗೆ ಎಷ್ಟಾದರು? ಭೂಸೇನೆಯಲ್ಲಿ ಸುಮಾರು 1,79,000, ನೌಕಾಸೇನೆಯಲ್ಲಿ ಸುಮಾರು 19,000! ಬಿಳಿಯನಿಗೆ ತಿಂಗಳಿಗೆ 13 ಡಾಲರ್, ಇವರಿಗೆ 10, ಅದರಲ್ಲೂ ಬಟ್ಟೆಗೆ 3 ಕಡಿತ. ಮ್ಯಾಸಚೂಸೆಟ್ಸ್‌ನ 54ನೇ ದಳ ಆ ಸಂಬಳವನ್ನು ಮುಟ್ಟುವುದೇ ಇಲ್ಲವೆಂದು ಹಟ ಹಿಡಿಯಿತು, ಸಂಬಳವಿಲ್ಲದೆ ಕಾದಾಡಿತು, 1864ರಲ್ಲಿ ಸಮಾನ ವೇತನ ಗೆದ್ದಿತು. ಈ ಸೈನಿಕರಿಲ್ಲದಿದ್ದರೆ ಮೂರು ವಾರದಲ್ಲಿ ಯುದ್ಧ ಕೈಬಿಡಬೇಕಾಗುತ್ತದೆ ಎಂದು ಆ ವರ್ಷ ಲಿಂಕನ್ನನೇ ಹೇಳಿದ.

ಉಳಿಸಲು ಬಂದವರೆಲ್ಲ ದೇವರಾಗಿರಲಿಲ್ಲ, ಅದನ್ನೂ ಹೇಳಬೇಕು. ಅಟ್ಲಾಂಟ ಗೆದ್ದ ಉತ್ತರದ ದಳಪತಿ ಶರ್ಮನ್ ಸಮುದ್ರದತ್ತ ನಡೆದಾಗ ಸಾವಿರಾರು ಗುಲಾಮರು ಸೈನ್ಯದ ಬೆನ್ನು ಹಿಡಿದು ನಡೆದರು. 1864ರ ಡಿಸೆಂಬರ್ 9ರಂದು ಎಬೆನೀಜರ್ ಹಳ್ಳದಲ್ಲಿ ಉತ್ತರದ ದಳಪತಿಯೊಬ್ಬ ತನ್ನ ಸೈನಿಕರು ದಾಟಿದ ಕೂಡಲೇ ದೋಣಿಸೇತುವೆ ಕಳಚಿಸಿದ; ಹಿಂದೆ ಶತ್ರುವಿನ ಕುದುರೆಗಳು, ಮುಂದೆ ಚಳಿಯ ನೀರು, ಎಷ್ಟೋ ಜನ ಮುಳುಗಿದರು. ಆ ದಳಪತಿಯ ಹೆಸರು ಜೆಫರ್ಸನ್ ಸಿ. ಡೇವಿಸ್. ಹೌದು, ದಕ್ಷಿಣದ ಅಧ್ಯಕ್ಷನ ಹೆಸರೇ.

1865ರ ಏಪ್ರಿಲ್ 9ಕ್ಕೆ ಲೀ ಶರಣಾದ. ಏಪ್ರಿಲ್ 14ರ ಹಗಲು ಸಮ್ಟರ್ ಕೋಟೆಯ ಮೇಲೆ ಹಳೆಯ ಬಾವುಟ ಮತ್ತೆ ಏರಿತು. ನೋಡಲು ಬಂದ ಹಡಗುಗಳ ಗುಂಪಿನಲ್ಲಿ ಪ್ಲಾಂಟರ್ ಇತ್ತು, ಅದರ ಮೇಲೆ ಸ್ಮಾಲ್ಸ್ ಇದ್ದ. ಅದೇ ರಾತ್ರಿ ವಾಷಿಂಗ್ಟನ್ನಿನ ನಾಟಕಶಾಲೆಯಲ್ಲಿ ಲಿಂಕನ್‌ಗೆ ಗುಂಡು ಬಿತ್ತು. ಡಿಸೆಂಬರ್ ವೇಳೆಗೆ ಗುಲಾಮಗಿರಿಯನ್ನು ಅಳಿಸಿದ 13ನೇ ತಿದ್ದುಪಡಿ ಸಂವಿಧಾನ ಸೇರಿತು.

ಸ್ಮಾಲ್ಸ್ ಬ್ಯೂಫರ್ಟ್ ಊರಿಗೆ ಮರಳಿ, ಯಾವ ಮನೆಯ ಹಿತ್ತಿಲಲ್ಲಿ ಗುಲಾಮನಾಗಿ ಹುಟ್ಟಿದ್ದನೋ ಆ ಒಡೆಯನ ಮನೆಯನ್ನೇ, ತೆರಿಗೆ ಬಾಕಿಗೆ ಹರಾಜಾಗಿ ಬಂದಿದ್ದನ್ನು, ಕೊಂಡುಕೊಂಡ. 1868ರಲ್ಲಿ ದಕ್ಷಿಣ ಕೆರೊಲಿನದ ಹೊಸ ಸಂವಿಧಾನ ಬರೆಯುವ ಸಭೆಯಲ್ಲಿ ಕೂತು, ಎಲ್ಲ ಮಕ್ಕಳಿಗೂ ಉಚಿತ ಶಾಲೆ ಬೇಕು ಎಂದ. ಐದು ಸಲ ಅಮೆರಿಕದ ಕಾಂಗ್ರೆಸ್ಸಿಗೆ ಹೋದ. 1895ರಲ್ಲಿ ಅದೇ ರಾಜ್ಯ ಕಪ್ಪು ಜನರ ಓಟು ಕಿತ್ತುಕೊಳ್ಳಲೆಂದೇ ಇನ್ನೊಂದು ಸಂವಿಧಾನ ಬರೆಯಲು ಕೂತಾಗ ಆ ಸಭೆಯಲ್ಲಿದ್ದ ಕಪ್ಪು ಪ್ರತಿನಿಧಿಗಳು ಆರೇ ಆರು ಮಂದಿ, ಅವರಲ್ಲಿ ಸ್ಮಾಲ್ಸ್ ಒಬ್ಬ. ವಾದಿಸಿದ, ಸೋತ. ಸಹಿ ಹಾಕು ಎಂದಾಗ ಒಲ್ಲೆ ಎಂದ.