ಸಿನಿಮಾದ ಊರಿಗೆ ಹೋದರೆ ಅಲ್ಲಿ ಏನಿರುತ್ತೆ? ನ್ಯೂಜಿಲೆಂಡ್‌ನಲ್ಲಿ ನಮ್ಮ 12 ದಿನ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಬಸ್ಸಲ್ಲೋ ಮೆಟ್ರೊದಲ್ಲೋ ಓದ್ಕೊಂಡು ಹೋಗ್ತೀವಿ ಅನ್ನೋರಿಗೆ ಈ ಸಲದ ಮಾತು ಬರಹದಲ್ಲಿ. ವಿಡಿಯೊದಲ್ಲಿ ಜಾಗ ಸಿಗದ ಒಂದೆರಡು ವಿವರಗಳನ್ನೂ ಸೇರಿಸಿದ್ದೀನಿ.

ಕಳೆದ ನವೆಂಬರ್‌ನಲ್ಲಿ ನಾವು ಐದು ಜನ ನ್ಯೂಜಿಲೆಂಡ್‌ಗೆ ಹೋಗಿದ್ವಿ. ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗಳು ಪುಣೆಯಿಂದ. ಅಪ್ಪ, ಅಮ್ಮ ತೀರ್ಥಹಳ್ಳಿ ಕಡೆಯ ನಮ್ಮೂರಿಂದ. ನೆಪ ‘ದಿ ಲಾರ್ಡ್ ಆಫ್ ದ ರಿಂಗ್ಸ್’. ನಾನು ಎಂಟೆಕ್ ಮಾಡುವಾಗ ಹಾಸ್ಟೆಲ್‌ನಲ್ಲಿ ಎಷ್ಟು ಸಲ ನೋಡಿದ್ದೆನೋ ಲೆಕ್ಕ ಇಲ್ಲ. ಈಗ ಮಗಳಿಗೂ ಆ ಹುಚ್ಚು ಹಿಡಿದಿದೆ. ಆ ಸಿನಿಮಾಗಳನ್ನ ತೆಗೆದ ಜಾಗಗಳನ್ನ ಕಣ್ಣಾರೆ ನೋಡಬೇಕು ಅನ್ನೋದು ನಮ್ಮಿಬ್ಬರ ಆಸೆ.

ಟಿಕೆಟ್ ಬುಕ್ ಮಾಡೋ ಮೊದಲು ನಮ್ಮ ಟೀಮ್‌ನ ಒಬ್ಬ ಗೆಳೆಯ ಕೇಳಿದ: "ಶೂಟಿಂಗ್ ಮುಗಿದ ಮೇಲೆ ಸೆಟ್ ಕಿತ್ತು ಹಾಕಿರ್ತಾರಲ್ವಾ? ಅಲ್ಲಿ ಹೋಗಿ ಏನ್ ನೋಡ್ತೀಯಾ?" ಐದು ಜನರ ವಿಮಾನದ ಖರ್ಚು ನೋಡಿದಾಗ ಇದು ತಮಾಷೆಯ ಪ್ರಶ್ನೆ ಅನ್ನಿಸಲಿಲ್ಲ. ಇಂಥ ಪ್ರವಾಸಕ್ಕೆ ಹೊರಡೋ ಎಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಅದಕ್ಕೆ ನಾನು ಕಂಡುಕೊಂಡ ಉತ್ತರ ಈ ಬರಹ.

ಒಂದು ದೃಶ್ಯ, ಮೂರು ಪದರ

ಮೊದಲು ಸ್ವಲ್ಪ ಹಿನ್ನೆಲೆ. ಮೂಲ ಕಾದಂಬರಿ ಬರೆದವರು ಆಕ್ಸ್‌ಫರ್ಡ್‌ನಲ್ಲಿ ಪಾಠ ಮಾಡುತ್ತಿದ್ದ ಜೆ. ಆರ್. ಆರ್. ಟೋಲ್ಕಿನ್, ಪುಸ್ತಕ ಬಂದದ್ದು 1954-55ರಲ್ಲಿ. ಅದರಲ್ಲಿ ಬರೋ ನಾಡು ಪೂರ್ತಿ ಕಲ್ಪನೆ. ಅದಕ್ಕೆ ಮಣ್ಣು, ಬೆಟ್ಟ, ಹೊಳೆ ಕೊಟ್ಟದ್ದು ನಿರ್ದೇಶಕ ಪೀಟರ್ ಜ್ಯಾಕ್ಸನ್ ಅವರ ತಾಯ್ನಾಡಾದ ನ್ಯೂಜಿಲೆಂಡ್. 1999ರ ಅಕ್ಟೋಬರ್‌ನಿಂದ 2000ದ ಡಿಸೆಂಬರ್‌ವರೆಗೆ ಮೂರೂ ಸಿನಿಮಾಗಳ ಮುಖ್ಯ ಚಿತ್ರೀಕರಣ ಒಟ್ಟಿಗೇ ನಡೀತು. 2001, 2002, 2003ರಲ್ಲಿ ಒಂದೊಂದಾಗಿ ತೆರೆಗೆ ಬಂದವು. ಮೂರನೆಯದಕ್ಕೆ 11 ಆಸ್ಕರ್ ಸಿಕ್ಕಿತು. ಆಮೇಲೆ ಇದೇ ಲೋಕದ ಹಿಂದಿನ ಕಥೆ ‘ದಿ ಹಾಬಿಟ್’ 2012ರಿಂದ 2014ರವರೆಗೆ ಮತ್ತೆ ಮೂರು ಭಾಗಗಳಲ್ಲಿ ಬಂತು.

ಈ ಸಿನಿಮಾಗಳ ಯಾವುದೇ ದೊಡ್ಡ ದೃಶ್ಯ ತಗೊಳ್ಳಿ, ಅದರಲ್ಲಿ ಮೂರು ಪದರ ಇರುತ್ತೆ. ಕೆಳಗೆ ನೆಲ: ಅಲ್ಲಿಯ ಬೆಟ್ಟ, ಬಯಲು, ಆಕಾಶ. ಅದರ ಮೇಲೆ ಸೆಟ್: ಮರ, ಪ್ಲಾಸ್ಟರ್, ಹುಲ್ಲು ಹಾಕಿ ಮನುಷ್ಯರು ಕಟ್ಟಿದ್ದು. ಎಲ್ಲಕ್ಕಿಂತ ಮೇಲೆ ಕ್ಯಾಮೆರಾದ ಲೆನ್ಸು, ಸಣ್ಣ ಮಾದರಿಗಳು, ಕಂಪ್ಯೂಟರ್ ಸೇರಿ ಮಾಡಿದ ಕೈಚಳಕ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ತೆರೆಯ ಮೇಲೆ ಕಾಣೋದು ಫೈನಲ್ ಬಿಲ್ಡ್. ಲೊಕೇಶನ್ ಅಂದ್ರೆ ಸೋರ್ಸ್ ಕೋಡ್‌ನ ಒಂದು ಫೋಲ್ಡರ್ ಅಷ್ಟೇ. ಆ ಫೋಲ್ಡರ್ ತೆರೆದು ಬಿಲ್ಡ್ ಎಲ್ಲಿ ಅಂತ ಹುಡುಕಿದ್ರೆ ಸಿಗಲ್ಲ.

ಹಾಗಾಗಿ ಪಟ್ಟಿ ಮಾಡುವಾಗ ಪ್ರತಿ ಜಾಗದ ಎದುರು ಒಂದೇ ಪ್ರಶ್ನೆ ಬರೆದುಕೊಂಡೆ: ಇಲ್ಲಿ ಯಾವ ಪದರ ಉಳಿದಿದೆ?

ಹಾಬಿಟನ್: ಸೆಟ್ ಉಳಿದ ಊರು

ಆಕ್ಲೆಂಡ್‌ನಿಂದ ಕಾರಿನಲ್ಲಿ ಎರಡು ಗಂಟೆ ದೂರದಲ್ಲಿ ಮಟಮಟ ಅನ್ನೋ ಸಣ್ಣ ಊರಿದೆ. ಅದರ ಪಕ್ಕದ ಒಂದು ಕುರಿ ಫಾರ್ಮ್‌ನಲ್ಲಿ ಹಾಬಿಟ್‌ಗಳ ಹಳ್ಳಿ. ಹಾಬಿಟ್‌ಗಳು ಅಂದ್ರೆ ನಮ್ಮ ಅರ್ಧ ಎತ್ತರದ ಜನ, ಗುಡ್ಡದೊಳಗೆ ಗುಂಡು ಬಾಗಿಲಿನ ಮನೆ ಮಾಡ್ಕೊಂಡು ಇರ್ತಾರೆ. 1998ರಲ್ಲಿ ಸಿನಿಮಾದವರು ವಿಮಾನದಿಂದ ಜಾಗ ಹುಡುಕುವಾಗ ಈ ಫಾರ್ಮ್ ಕಣ್ಣಿಗೆ ಬಿತ್ತಂತೆ: ಕೆರೆ, ಅದರ ದಡದಲ್ಲಿ ಒಂದು ದೊಡ್ಡ ಪೈನ್ ಮರ, ಸುತ್ತ ದಿಣ್ಣೆಗಳು, ಎಲ್ಲೂ ಕರೆಂಟ್ ಕಂಬ ಇಲ್ಲ. ಸಾಮಾನು ಸಾಗಿಸೋಕೆ ರಸ್ತೆ ಮಾಡಿಕೊಟ್ಟದ್ದು ನ್ಯೂಜಿಲೆಂಡ್ ಸೈನ್ಯ.

ಮೊದಲ ಸಲ ಕಟ್ಟಿದ ಹಳ್ಳಿ ಬಾಳಿಕೆಗೆ ಅಂತ ಕಟ್ಟಿದ್ದಲ್ಲ. ಕೆಲಸ ಮುಗಿದ ಮೇಲೆ ಕೀಳೋಕೆ ಶುರು ಮಾಡಿದ್ರು, ಮಳೆಯಿಂದ ಅರ್ಧಕ್ಕೆ ನಿಂತಿತು. ಉಳಿದ ಬೋಳು ಮುಂಗೋಡೆಗಳನ್ನ ನೋಡೋಕೇ ಜನ ಬರತೊಡಗಿದ್ರು. ‘ದಿ ಹಾಬಿಟ್’ಗಾಗಿ ಎರಡನೇ ಸಲ ಕಟ್ಟುವಾಗ ಶಾಶ್ವತ ಸಾಮಗ್ರಿ ಬಳಸಿದ್ರು. ಈಗ ಇರೋದು ಅದೇ, 44 ಮನೆಗಳು. ಗೈಡ್ ಜೊತೆಗಿನ ಟೂರ್ ಬಿಟ್ಟು ಬೇರೆ ಥರ ಒಳಗೆ ಬಿಡಲ್ಲ.

ಮಗಳಿಗೆ ಇಲ್ಲಿ ಕಾಲೇ ನಿಲ್ಲಲಿಲ್ಲ. ನಾನು ಅವಳಿಗೆ ತೋರಿಸಿದ್ದು ಬಾಗಿಲುಗಳ ಅಳತೆ. ಎಲ್ಲ ಬಾಗಿಲೂ ಒಂದೇ ಸೈಜಿಲ್ಲ. ಮಂತ್ರವಾದಿ ಗ್ಯಾಂಡಾಲ್ಫ್ ಎದುರು ನಿಂತರೆ ದೊಡ್ಡವನಾಗಿ ಕಾಣಲಿ ಅಂತ ಕೆಲವು ಸಣ್ಣವು. ಹಾಬಿಟ್ ನಿಂತರೆ ಸಣ್ಣವನಾಗಿ ಕಾಣಲಿ ಅಂತ ಕೆಲವು ದೊಡ್ಡವು. ಗ್ಯಾಂಡಾಲ್ಫ್ ಮತ್ತು ಫ್ರೋಡೊ ಗಾಡಿಯಲ್ಲಿ ಅಕ್ಕಪಕ್ಕ ಕೂತ ದೃಶ್ಯ ನೆನಪಿದೆಯಾ? ಇಬ್ಬರೂ ಅಕ್ಕಪಕ್ಕ ಕೂತೇ ಇಲ್ಲ. ಒಬ್ಬರು ಕ್ಯಾಮೆರಾಗೆ ಹತ್ತಿರ, ಇನ್ನೊಬ್ಬರು ಸಾಕಷ್ಟು ಹಿಂದೆ. ಗಾಡಿಯ ಸೀಟನ್ನೇ ಹಾಗೆ ಕಟ್ಟಿದ್ರು. ಲೆನ್ಸಿನ ಕಣ್ಣಿಗೆ ಮಾತ್ರ ಅವರು ಜೊತೆಗಿದ್ದಾರೆ.

ದಿಣ್ಣೆಯ ತುದಿಯ ಓಕ್ ಮರದ ಕಥೆ ಕೇಳಿ. ಮೊದಲ ಸಿನಿಮಾಗೆ ನಿಜವಾದ ಓಕ್ ಒಂದನ್ನ ತುಂಡು ಮಾಡಿ ತಂದು, ಇಲ್ಲಿ ಮತ್ತೆ ಜೋಡಿಸಿ, ಕೃತಕ ಎಲೆಗಳನ್ನ ತಂತಿಯಲ್ಲಿ ಕಟ್ಟಿದ್ರು. ಈಗಿರೋದು ಉಕ್ಕು, ಸಿಲಿಕೋನ್‌ನಿಂದ ಮಾಡಿದ್ದು. ಅಪ್ಪ ಸುಮಾರು ಹೊತ್ತು ಅದನ್ನೇ ದಿಟ್ಟಿಸಿ ನೋಡಿ, "ಗಾಳಿ ಬಂದ್ರೂ ಎಲೆ ಹಿಂದೆಮುಂದೆ ಆಗಲ್ಲ, ನೋಡು" ಅಂದ್ರು. ಗೈಡ್ ಹೇಳೋ ಮೊದಲೇ ಅಡಿಕೆ ತೋಟದವರ ಕಣ್ಣಿಗೆ ಮರ ಸುಳ್ಳು ಅಂತ ಗೊತ್ತಾಗಿತ್ತು.

ಟೊಂಗರಿರೊ: ನೆಲಕ್ಕೆ ಅದರದೇ ಕಥೆ ಇದೆ

ಮಟಮಟದಿಂದ ದಕ್ಷಿಣಕ್ಕೆ ಹೊರಟರೆ ಟೊಂಗರಿರೊ ರಾಷ್ಟ್ರೀಯ ಉದ್ಯಾನ. ಸಿನಿಮಾದಲ್ಲಿ ಉಂಗುರವನ್ನ ಸುಡಬೇಕಾದ ಬೆಂಕಿಬೆಟ್ಟ ಇದೆಯಲ್ಲ, ಮೌಂಟ್ ಡೂಮ್, ಅದರ ರೂಪ ಇಲ್ಲಿಯ ನ್ಗೌರುಹೋಯೆ ಅನ್ನೋ 2,291 ಮೀಟರ್ ಎತ್ತರದ ಜ್ವಾಲಾಮುಖಿಯದ್ದು. ಫಾಕಪಾಪಾ ಹಳ್ಳಿಯಲ್ಲಿ ಇಳಿದ ಮಾರನೇ ಬೆಳಿಗ್ಗೆ ಮೋಡ ಸರಿದು ಶಿಖರ ಕಂಡಿತು. ಮಗಳು "ಡೂಮ್! ಡೂಮ್!" ಅಂತ ಕುಣಿದಳು.

ಆದ್ರೆ ಆ ಬೆಟ್ಟ ಮಾವೋರಿ ಜನರಿಗೆ ಪೂರ್ವಜ, ಅದರ ತುದಿ ಪವಿತ್ರ. ಹಾಗಾಗಿ ಶಿಖರದ ಮೇಲೆ ಚಿತ್ರೀಕರಣಕ್ಕೆ ಅನುಮತಿ ಇರಲಿಲ್ಲ. ಇಳಿಜಾರಿನ ದೃಶ್ಯಗಳನ್ನ ಪಕ್ಕದ ರುವಾಪೆಹು ಬೆಟ್ಟದಲ್ಲಿ ತೆಗೆದ್ರು. ಉಳಿದದ್ದು ಮಾದರಿ ಮತ್ತು ಕಂಪ್ಯೂಟರ್. ಈಗಲೂ ಶಿಖರ ಹತ್ತಬೇಡಿ ಅಂತಲೇ ಅಲ್ಲಿಯವರು ಕೇಳಿಕೊಳ್ಳುತ್ತಾರೆ.

ಈ ಬೆಟ್ಟಗಳು ಸರ್ಕಾರದ ಕೈಗೆ ಬಂದ ಬಗೆಯೂ ತಿಳಿಯಬೇಕಾದದ್ದು. 1887ರಲ್ಲಿ ಅಲ್ಲಿಯ ನ್ಗಾಟಿ ಟೂವಾರೆಟೋವಾ ಕುಲದ ಮುಖ್ಯಸ್ಥ ಹೊರೊನುಕು ಟೆ ಹೆಉಹೆಉ, ಶಿಖರಗಳು ತುಂಡು ತುಂಡಾಗಿ ಮಾರಾಟವಾಗದಿರಲಿ ಅಂತ ಅವನ್ನ ಕೊಡುಗೆಯಾಗಿ ಕೊಟ್ಟರು. ಅದೇ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು. ಯುನೆಸ್ಕೊ ಇದನ್ನ 1990ರಲ್ಲಿ ಪ್ರಕೃತಿಗಾಗಿ, 1993ರಲ್ಲಿ ಸಂಸ್ಕೃತಿಗಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನೆಲ್ಲ ಮಗಳಿಗೆ ವಿವರಿಸೋಕೆ ನಾನು ಒದ್ದಾಡ್ತಾ ಇದ್ದೆ. "ಪರ್ಮಿಷನ್ ಯಾಕೆ ಕೊಡ್ಲಿಲ್ಲ ಅಪ್ಪಾ? ಬರೀ ಕ್ಯಾಮೆರಾ ತಾನೇ?" ಅಂತ ಅವಳ ವಾದ. ಅಮ್ಮ ಶಾಲು ಹೊದ್ದು ಕೂತಿದ್ದವರು, "ಗರ್ಭಗುಡಿ ಒಳಗೆ ಕ್ಯಾಮೆರಾ ಬಿಡ್ತಾರೇನೇ ಪುಟ್ಟಿ? ಅವರಿಗೂ ಹಾಗೇ" ಅಂದ್ರು. ಅಷ್ಟೇ, ವಾದ ಮುಗೀತು. ಆಮೇಲೆ ಇವಳು ಆ ಬೆಟ್ಟವನ್ನ ಡೂಮ್ ಅಂತ ಕರೆಯೋದು ಬಿಟ್ಟಳು. ಹೆಸರು ಬಾಯಿಗೆ ತಿರುಗಲ್ಲ, ಆದ್ರೂ "ನ್ಗೌರುಹೋಯೆ" ಅಂತಲೇ ಪ್ರಯತ್ನ ಮಾಡ್ತಿದ್ದಳು.

ವೆಲಿಂಗ್ಟನ್: ಕೈಚಳಕದ ಊರು

ರಾಜಧಾನಿ ವೆಲಿಂಗ್ಟನ್‌ನಲ್ಲಿ ಮೂರನೇ ಪದರ. ಮಿರಾಮರ್ ಅನ್ನೋ ಬಡಾವಣೆಯಲ್ಲಿ ವೇಟಾ ವರ್ಕ್‌ಶಾಪ್ ಇದೆ. ಕತ್ತಿ, ಕವಚ, ರಾಕ್ಷಸರ ಮುಖ ಎಲ್ಲ ತಯಾರಾದದ್ದು ಇಲ್ಲೇ. ಕೆಲಸ ಹೇಗೆ ನಡೆಯುತ್ತೆ ಅಂತ ಟೂರ್‌ನಲ್ಲಿ ತೋರಿಸ್ತಾರೆ. ಹತ್ತಿರದ ಹಳೇ ಪೇಂಟ್ ಫ್ಯಾಕ್ಟರಿಯನ್ನೇ ಸ್ಟುಡಿಯೊ ಮಾಡಿಕೊಂಡಿದ್ರು. ಪಕ್ಕದಲ್ಲೇ ವಿಮಾನ ನಿಲ್ದಾಣ. ಸದ್ದಿನ ಕಾಟಕ್ಕೆ ಹೆಚ್ಚಿನ ಮಾತುಗಳನ್ನ ಆಮೇಲೆ ಮತ್ತೆ ರೆಕಾರ್ಡ್ ಮಾಡಬೇಕಾಯ್ತು. ಅಂದ್ರೆ ನಾವು ಕೇಳೋ ದನಿ ಕೂಡ ಆ ಜಾಗದ್ದಲ್ಲ!

ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ಕೈಟೋಕೆ ಉದ್ಯಾನ, ಸಿನಿಮಾದ ಎಲ್ಫ್‌ಗಳ ಊರು ರಿವೆಂಡೆಲ್. ಸೆಟ್‌ನ ಒಂದು ಮೊಳೆಯೂ ಉಳಿದಿಲ್ಲ. ನೋಡೋರಿಗಾಗಿ ಆಮೇಲೆ ನಿಲ್ಲಿಸಿದ ಒಂದು ಕಮಾನು, ಹೊಳೆ, ಜರೀಗಿಡ, ದಟ್ಟ ಕಾಡು. ದೊಡ್ಡ ಯುದ್ಧದ ಹೆಲ್ಮ್ಸ್ ಡೀಪ್ ಕೋಟೆ ಮತ್ತು ಮಿನಾಸ್ ಟಿರಿತ್ ನಗರದ ಸೆಟ್‌ಗಳನ್ನ ಲೋವರ್ ಹಟ್‌ನ ಒಂದೇ ಕಲ್ಲುಕ್ವಾರಿಯಲ್ಲಿ ಕಟ್ಟಿದ್ರು. ಹೆದ್ದಾರಿಯಿಂದ ನೋಡಿದ್ರೆ ಅದು ಬರೀ ಕ್ವಾರಿ. ನಿಲ್ಲಿಸೋದು ಬೇಡ, ಕಾರಿನಿಂದಲೇ ಕೈ ಮಾಡಿ ತೋರಿಸಿದ್ರೆ ಸಾಕು.

ಮೌಂಟ್ ಸಂಡೇ: ಏನೂ ಉಳಿಯದ ಗುಡ್ಡ

ಕೊನೆಯದು ದಕ್ಷಿಣ ದ್ವೀಪದಲ್ಲಿ. ಕ್ರೈಸ್ಟ್‌ಚರ್ಚ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಎರಡೂವರೆ ಗಂಟೆ ಡ್ರೈವ್. ಕೊನೆಗೆ ಜಲ್ಲಿ ರಸ್ತೆ. ರಂಗಿಟಾಟ ನದಿಯ ಬಯಲ ನಡುವೆ ಒಂಟಿ ಗುಡ್ಡ, ಹಿಂದೆ ಹಿಮದ ಬೆಟ್ಟಸಾಲು. ರೋಹನ್ ರಾಜರ ರಾಜಧಾನಿ ಎಡೊರಾಸ್ ಇದರ ಮೇಲಿತ್ತು. ತಿಂಗಳುಗಟ್ಟಲೆ ದುಡಿದು ಅರಮನೆ, ಮನೆಗಳನ್ನ ಇಲ್ಲೇ ಕಟ್ಟಿದ್ರು. ಅರಮನೆಯ ಒಳಾಂಗಣ ಮಾತ್ರ ಸ್ಟುಡಿಯೊದಲ್ಲಿ. ಚಿತ್ರೀಕರಣ ಮುಗಿದ ಮೇಲೆ ಎಲ್ಲ ತೆಗೆದು ಜಾಗವನ್ನ ಮೊದಲಿನ ಹಾಗೆ ಮಾಡಿ ಹೋದ್ರು.

ಅಪ್ಪ-ಅಮ್ಮ ಕಾರಿನಲ್ಲೇ ಉಳೀತಾರೆ ಅಂದುಕೊಂಡಿದ್ದೆ. ಅಮ್ಮ ಉಳಿದ್ರು, ಅಪ್ಪ ಕೋಲು ಹಿಡಿದು ನಮ್ಮ ಜೊತೆ ನಡೆದ್ರು. ತುದಿಯಲ್ಲಿ ಕಾಲು ಊರೋಕೆ ಬಿಡದಂಥ ಗಾಳಿ. ಕಲ್ಲು, ಹುಲ್ಲು, ಗಾಳಿ ಬಿಟ್ಟು ಬೇರೇನಿಲ್ಲ. ಮಗಳ ಮುಖ ನೋಡಿದೆ. ಸಪ್ಪೆ ಆಗಿತ್ತು. "ಇಷ್ಟೇನಾ?" ಅಂದಳು.

ಆಗ ಅಪ್ಪ ಕಲ್ಲಿಗೆ ಒರಗಿ ಕೂತು, ನನಗೂ ಗೊತ್ತಿಲ್ಲದ ಒಂದು ಕಥೆ ತೆಗೆದ್ರು. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ತೆಗೆಯುವಾಗ ಅವರು ಬಸ್ ಹತ್ತಿ ಆಗುಂಬೆಗೆ ಹೋಗಿ ಎರಡು ದಿನ ಶೂಟಿಂಗ್ ನೋಡಿದ್ರಂತೆ. "ನಾವು ದಿನಾ ಬಸ್ಸಿಗೆ ಕಾಯೋ ಜಾಗ ಕಣೆ. ಅಂಗಡಿಗೆ ಹೊಸ ಬೋರ್ಡು ಹಾಕಿದ್ರು, ಸರ್ಕಲ್‌ನಲ್ಲಿ ಪ್ರತಿಮೆ ನಿಲ್ಲಿಸಿದ್ರು. ಆಮೇಲೆ ಟೀವಿಲಿ ನೋಡಿದ್ರೆ ಅದು ಆಗುಂಬೆ ಅಲ್ಲವೇ ಅಲ್ಲ, ಮಾಲ್ಗುಡಿ! ಮಳೆ ಮಾತ್ರ ನಮ್ದೇ." ಮಗಳು ಕೇಳಿದಳು, "ಈಗ ಅಲ್ಲಿ ಏನಿದೆ ಅಜ್ಜ?" "ಆಗುಂಬೆ ಇದೆ," ಅಂದ್ರು ಅಪ್ಪ.

ಇವಳು ಪುಣೆಯಲ್ಲಿ ಹುಟ್ಟಿ ಬೆಳೆದವಳು. ಊರು ಅಂದ್ರೆ ಅವಳಿಗೆ ನೆಟ್‌ವರ್ಕ್ ಸಿಗದ, ಜಿಗಣೆ ಇರೋ ರಜೆಯ ಜಾಗ. ಅಜ್ಜನ ಊರಿನ ಪಕ್ಕದಲ್ಲೂ ಒಂದು ಕಲ್ಪನೆಯ ಊರು ಎದ್ದು ನಿಂತಿತ್ತು ಅಂತ ಅವಳಿಗೆ ಗೊತ್ತಾದದ್ದು ಸಾವಿರಾರು ಮೈಲಿ ದೂರದ ಬೋಳು ಗುಡ್ಡದ ಮೇಲೆ. ಕೆಳಗಿಳಿಯುವಾಗ ಅಜ್ಜನ ಕೈ ಹಿಡಿದು ಪ್ರಶ್ನೆ ಮೇಲೆ ಪ್ರಶ್ನೆ. ನಾನು ಹಿಂದೆ ಉಳಿದು ಕೇಳ್ತಾ ಬಂದೆ.

ನೀವು ಹೊರಡೋದಾದ್ರೆ

ಜಾಗಗಳನ್ನ ಪದರದ ಪ್ರಕಾರ ಹಂಚಿ. ಮಕ್ಕಳಿದ್ರೆ ಸೆಟ್ ಉಳಿದ ಜಾಗ ಮೊದಲು, ಬರೀ ನೆಲ ಇರೋದು ಕೊನೆಗೆ. ಅಷ್ಟರಲ್ಲಿ ಸಿನಿಮಾ ಹೇಗೆ ಕಟ್ತಾರೆ ಅಂತ ಗೊತ್ತಾಗಿರುತ್ತೆ, ಖಾಲಿ ಜಾಗದಲ್ಲಿ ತಾವೇ ಕಟ್ಟಿಕೊಳ್ಳಬಹುದು. ಬರೀ ನೆಲ ಇರೋ ಜಾಗಕ್ಕೆ ಹೋಗುವ ಹಿಂದಿನ ರಾತ್ರಿ ಆ ದೃಶ್ಯವನ್ನ ಒಮ್ಮೆ ನೋಡಿ.

ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆಯೇ ಡ್ರೈವಿಂಗ್. ಇಂಗ್ಲಿಷ್‌ನಲ್ಲಿರೋ ನಮ್ಮ ಲೈಸೆನ್ಸ್ ಪ್ರವಾಸಿಗರಿಗೆ ನಡೆಯುತ್ತೆ. ನವೆಂಬರ್ ಅಲ್ಲಿ ವಸಂತ, ಆದ್ರೂ ಸ್ವೆಟರ್, ಗಾಳಿ ತಡೆಯೋ ಜಾಕೆಟ್ ಬೇಕೇ ಬೇಕು. ತಿಂಡಿ ವಿಷಯದಲ್ಲಿ ಹುಷಾರು: ಚಟ್ನಿಪುಡಿ, ಉಪ್ಪಿನಕಾಯಿ, ಚಕ್ಕುಲಿ, ಏನೇ ತಗೊಂಡು ಹೋದ್ರೂ ಅರೈವಲ್ ಫಾರ್ಮ್‌ನಲ್ಲಿ ತಿಳಿಸಿ. ಹಣ್ಣು, ಬೀಜ, ಜೇನುತುಪ್ಪ ಮನೆಯಲ್ಲೇ ಬಿಡಿ. ತಿಳಿಸದೆ ಸಿಕ್ಕಿಬಿದ್ರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಅಮ್ಮ ಎಲ್ಲ ಡಬ್ಬಿಗಳ ಪಟ್ಟಿ ಬರೆಸಿದ್ರು. ಅಧಿಕಾರಿ ನೋಡಿ, ನಕ್ಕು, ಬಿಟ್ಟರು.

ಇನ್ನೊಂದು ಮಾತು. ಈ ಮೂರು ಪದರದ ಲೆಕ್ಕಕ್ಕೆ ಪಾಸ್‌ಪೋರ್ಟ್ ಬೇಡ. 1975ರ ‘ಶೋಲೆ’ಯ ರಾಮಗಢ ನಮ್ಮ ರಾಮನಗರದ ಬಂಡೆಗಳ ನಡುವೆ ಇತ್ತು. ಸೆಟ್ ಹೋಯ್ತು, ಬಂಡೆ ಇದೆ. ‘ಮಾಲ್ಗುಡಿ ಡೇಸ್’ನಲ್ಲಿ ಬಂದ ಅರಸಾಳು ರೈಲು ನಿಲ್ದಾಣವನ್ನ ರೈಲ್ವೆಯವರು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಶಿವಮೊಗ್ಗದಿಂದ ಹೆಚ್ಚು ದೂರ ಇಲ್ಲ.

ಬೇಸಿಗೆ ರಜೆಗೆ ಅಲ್ಲಿಗೇ ಹೋಗಬೇಕು ಅಂತ ಮಗಳ ಹಟ. ಗೈಡ್ ಯಾರು ಅಂತಲೂ ಅವಳೇ ತೀರ್ಮಾನ ಮಾಡಿದ್ದಾಳೆ: ಅಜ್ಜ.