ಹಸುವಿಗೆ ಜ್ವರ, ಮೈಮೇಲೆ ಉಣ್ಣಿ: ಆಫ್ರಿಕಾದ ಸಂಶೋಧನೆ ನಮ್ಮ ಕೊಟ್ಟಿಗೆಗೆ ಹೇಳುವುದೇನು?

ಪೊನ್ನಂಪೇಟೆ: ನಿನ್ನೆವರೆಗೂ ಚೆನ್ನಾಗಿ ಮೇಯುತ್ತಿದ್ದ ಮಿಶ್ರತಳಿ ಹಸು ಇವತ್ತು ಮೇವು ಮುಟ್ಟಲ್ಲ. ಹಾಲು ಅರ್ಧಕ್ಕೆ ಇಳಿದಿದೆ. ಮೈ ಮುಟ್ಟಿದ್ರೆ ಸುಡುತ್ತೆ. ಹೆಗಲಿನ ಮುಂದೆ ನಿಂಬೆಹಣ್ಣಿನಷ್ಟು ಗಂಟು. ಇಂಥ ಹೊತ್ತಲ್ಲಿ ಹೆಚ್ಚಿನವರು ಮಾಡೋದೇನು? ‘ಮಳೆಗೆ ಶೀತ ಆಗಿರ್ಬೇಕು’ ಅಂತ ಅಂಗಡಿಯಿಂದ ಜ್ವರದ ಔಷಧಿ ತಂದು ಎರಡು ದಿನ ಕಾಯ್ತಾರೆ. ಅದು ಉಣ್ಣಿಯಿಂದ ಬಂದ ಥೈಲೀರಿಯಾ ಜ್ವರವಾಗಿದ್ದರೆ, ಹಸು ಉಳಿಯುವುದೋ ಇಲ್ಲವೋ ಎಂಬುದು ಆ ಎರಡು ದಿನಗಳಲ್ಲೇ ನಿರ್ಧಾರವಾಗಿಬಿಡಬಹುದು.

ಕೆಲವರು ಉಣುಗು ಎಂದೂ ಕರೆಯುವ ಉಣ್ಣಿ ಬರೀ ರಕ್ತ ಕುಡಿದು ಹೋಗುವುದಿಲ್ಲ. ಅದರ ಎಂಜಲಿನ ಮೂಲಕ ಕಣ್ಣಿಗೆ ಕಾಣದ ಪರೋಪಜೀವಿಗಳು ಹಸುವಿನ ರಕ್ತಕ್ಕೆ ಸೇರುತ್ತವೆ. ಮನುಷ್ಯರಿಗೆ ಸೊಳ್ಳೆಯಿಂದ ಮಲೇರಿಯಾ ಬರುವ ಹಾಗೆಯೇ ಇದು.

ಆಫ್ರಿಕಾದ ಪಾಠ

ಈ ರೋಗಗಳ ಬಗ್ಗೆ ಅತಿ ಹೆಚ್ಚು ಸಂಶೋಧನೆ ನಡೆದ ಜಾಗಗಳಲ್ಲಿ ಆಫ್ರಿಕಾ ಒಂದು. ಅಲ್ಲಿ ‘ಈಸ್ಟ್ ಕೋಸ್ಟ್ ಜ್ವರ’ ಎಂಬ ರೋಗವಿದೆ. ಕಾರಣ ಥೈಲೀರಿಯಾ ಪಾರ್ವಾ ಎಂಬ ಪರೋಪಜೀವಿ. ವರ್ಷಕ್ಕೆ ಸುಮಾರು 10 ಲಕ್ಷ ದನಗಳು ಇದಕ್ಕೆ ಬಲಿಯಾಗುತ್ತವೆ ಎಂಬ ಅಂದಾಜಿದೆ. ಪಾರ್ವಾ ನಮ್ಮಲ್ಲಿಲ್ಲ. ಆದರೆ ಅದರ ದಾಯಾದಿಗಳಾದ ಥೈಲೀರಿಯಾ ಆನ್ಯುಲೇಟಾ ಮತ್ತು ಥೈಲೀರಿಯಾ ಓರಿಯೆಂಟಾಲಿಸ್ ಭಾರತದಲ್ಲಿವೆ. ಕುಟ್ಟ ಗಡಿ ದಾಟಿದರೆ ಸಿಗುವ ವಯನಾಡಿನ ಪೂಕೋಡ್ ಪಶುವೈದ್ಯಕೀಯ ಕಾಲೇಜಿನ ಸಂಶೋಧಕರು, ಓರಿಯೆಂಟಾಲಿಸ್ ಮಿಶ್ರತಳಿ ದನಗಳ ಪ್ರಾಣ ತೆಗೆಯಬಲ್ಲದು ಎಂಬುದನ್ನು 2011ರಲ್ಲೇ ದಾಖಲಿಸಿದ್ದಾರೆ.

ಈಸ್ಟ್ ಕೋಸ್ಟ್ ಜ್ವರ ದಕ್ಷಿಣ ಆಫ್ರಿಕಾ ಭಾಗಕ್ಕೆ ಹೋದದ್ದು 1901-02ರ ಸುಮಾರಿಗೆ, ಪೂರ್ವ ಕರಾವಳಿಯಿಂದ ತರಿಸಿದ ದನಗಳ ಜೊತೆ. ದನ ಬಂದ ದಾರಿಯಲ್ಲೇ ರೋಗವೂ ಬಂತು. ಬೇರೆ ಜಿಲ್ಲೆಯಿಂದ ಹಸು ತಂದು ಅದೇ ದಿನ ಹಳೆ ಹಸುಗಳ ಪಕ್ಕ ಕಟ್ಟುವವರು ನೆನಪಿಡಬೇಕಾದ ಮಾತಿದು.

ಇನ್ನೊಂದು ಪಾಠ ಪಶ್ಚಿಮ ಕೀನ್ಯಾದ್ದು. ಅಲ್ಲಿ 500ಕ್ಕೂ ಹೆಚ್ಚು ನಾಟಿ ಕರುಗಳನ್ನು ಹುಟ್ಟಿದಾಗಿನಿಂದ ಒಂದು ವರ್ಷ ಗಮನಿಸಲಾಯಿತು. ಸೌಮ್ಯ ಜಾತಿಯ ಥೈಲೀರಿಯಾ ಕೂಡ ತಗುಲಿದ್ದ ಕರುಗಳಲ್ಲಿ ಈಸ್ಟ್ ಕೋಸ್ಟ್ ಜ್ವರದ ಸಾವು ಶೇ. 89ರಷ್ಟು ಕಡಿಮೆಯಿತ್ತು ಎಂದು 2015ರಲ್ಲಿ ಪ್ರಕಟವಾಯಿತು. ಅಂದರೆ ರೋಗವಿರುವ ಊರಲ್ಲೇ ಹುಟ್ಟಿ ಬೆಳೆದ ನಾಟಿ ದನಕ್ಕೆ ಒಂದಿಷ್ಟು ತಡೆಯುವ ಶಕ್ತಿ ಬಂದಿರುತ್ತದೆ. ನಮ್ಮ ಮಲೆನಾಡು ಗಿಡ್ಡ ಉಣ್ಣಿ ಕಚ್ಚಿದರೂ ಓಡಾಡಿಕೊಂಡಿರುವುದು, ಹೊರಗಿನಿಂದ ತಂದ ಎಚ್‌ಎಫ್, ಜೆರ್ಸಿ ಮಿಶ್ರತಳಿ ಬೇಗ ಮಲಗುವುದು ಈ ಕಾರಣಕ್ಕೂ ಇರಬಹುದು. ಹಾಗಂತ ಉಣ್ಣಿ ಇರಲಿ ಬಿಡಿ ಎಂದು ಅರ್ಥವಲ್ಲ. ಮಿಶ್ರತಳಿ ಹಸುವಿಗೆ ಆ ಧೈರ್ಯ ಸಲ್ಲದು.

ಜ್ವರ ಒಂದೇ, ಔಷಧಿ ಬೇರೆ ಬೇರೆ

ಉಣ್ಣಿಯಿಂದ ಬರುವ ಮುಖ್ಯ ರೋಗಗಳು ಮೂರು.

ಥೈಲೀರಿಯಾ: 104 ಡಿಗ್ರಿ ದಾಟುವ ಜ್ವರ, ಗ್ರಂಥಿಗಳ ಊತ, ಉಸಿರಾಟದ ತೊಂದರೆ, ರಕ್ತಹೀನತೆ. ಓರಿಯೆಂಟಾಲಿಸ್‌ನಲ್ಲಿ ಗಂಟಿಗಿಂತ ರಕ್ತಹೀನತೆಯೇ ಹೆಚ್ಚಾಗಿ ಕಾಣಬಹುದು. ಇದಕ್ಕೆ ಬುಪಾರ್ವಾಕ್ವೋನ್ ಇಂಜೆಕ್ಷನ್.

ಬಬೇಸಿಯಾ: ಜ್ವರದ ಜೊತೆ ಮೂತ್ರ ಕಾಫಿ ಬಣ್ಣಕ್ಕೆ ಅಥವಾ ಕೆಂಪಗೆ ತಿರುಗುತ್ತದೆ. ಡಿಮಿನಾಜಿನ್‌ನಂಥ ಔಷಧಿ ಬೇಕು.

ಅನಾಪ್ಲಾಸ್ಮಾ: ಇದು ಪರೋಪಜೀವಿಯಲ್ಲ, ಬ್ಯಾಕ್ಟೀರಿಯಾ. ಕಣ್ಣು, ಒಸಡು ಬಿಳಿಚುತ್ತವೆ ಅಥವಾ ಹಳದಿಯಾಗುತ್ತವೆ, ಮೂತ್ರ ಕೆಂಪಾಗುವುದಿಲ್ಲ. ಆಕ್ಸಿಟೆಟ್ರಾಸೈಕ್ಲಿನ್ ಕೆಲಸ ಮಾಡುತ್ತದೆ.

ಒಂದರ ಔಷಧಿ ಇನ್ನೊಂದಕ್ಕೆ ಸಾಲದು. ಕೆಲವೊಮ್ಮೆ ಎರಡು ರೋಗ ಒಟ್ಟಿಗೇ ಇರುತ್ತವೆ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ಸಲ ಯಾವುದೆಂದು ಗೊತ್ತಾಗುತ್ತದೆ. ಹಾಗಾಗಿ ಇಂಜೆಕ್ಷನ್‌ಗೆ ಮೊದಲೇ ರಕ್ತಪರೀಕ್ಷೆ ಮಾಡಿಸಿ ಎಂದು ಪಶುವೈದ್ಯರನ್ನು ಕೇಳುವುದು ಒಳ್ಳೆಯದು.

ಬುಪಾರ್ವಾಕ್ವೋನ್ ದುಬಾರಿ ಔಷಧಿ. ದುಡ್ಡು ಉಳಿಸಲು ತೂಕಕ್ಕಿಂತ ಕಡಿಮೆ ಡೋಸ್ ಹಾಕಿಸಿದರೆ ಹಸು ಪೂರ್ತಿ ಗುಣವಾಗುವುದಿಲ್ಲ, ಪರೋಪಜೀವಿಯೂ ಔಷಧಿಗೆ ಬಗ್ಗದಂತಾಗುವ ಅಪಾಯವಿದೆ. ಟ್ಯುನೀಶಿಯಾ, ಇರಾನ್‌ಗಳಲ್ಲಿ ಈ ಔಷಧಿಗೆ ಬಗ್ಗದ ಥೈಲೀರಿಯಾ ಈಗಾಗಲೇ ಪತ್ತೆಯಾಗಿದೆ.

ಕೊಟ್ಟಿಗೆಯಲ್ಲಿ ಏನ್ ಮಾಡ್ಬೇಕು?

ಉಣ್ಣಿ ಕಚ್ಚಿದ ಕೂಡಲೇ ಥೈಲೀರಿಯಾ ದಾಟುವುದಿಲ್ಲ. ಉಣ್ಣಿಯ ಎಂಜಲಿನಲ್ಲಿ ಅದು ಬಲಿಯಲು ಸಾಮಾನ್ಯವಾಗಿ ಎರಡು-ಮೂರು ದಿನ ಬೇಕು. ಆದ್ದರಿಂದ ದಿನಾ ಹಾಲು ಕರೆಯುವಾಗ ಕಿವಿ ಒಳಗೆ, ಕೆಚ್ಚಲು, ಬಾಲದ ಬುಡ, ತೊಡೆಸಂದಿ ನೋಡುವ ಅಭ್ಯಾಸವೇ ಅರ್ಧ ರಕ್ಷಣೆ. ಸಿಕ್ಕ ಉಣ್ಣಿಯನ್ನು ಉಗುರಲ್ಲಿ ಒಡೆಯಬೇಡಿ. ಕೈಗವಸು ಹಾಕಿ ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕಿ.

ಒಂದು ಹೆಣ್ಣು ಉಣ್ಣಿ ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ. ಗೋಡೆ ಬಿರುಕು, ಗೋದಲಿ ಸಂದು, ಹಳೆ ಮರದ ಕಂಬ ಅದಕ್ಕೆ ಮನೆ. ಬಿರುಕು ಮುಚ್ಚಿ, ಸುಣ್ಣ ಬಳಿದು, ಗೊಬ್ಬರದ ಗುಂಡಿ ಕೊಟ್ಟಿಗೆಯಿಂದ ದೂರ ಇಟ್ಟರೆ ಸಂತತಿ ಕಡಿಮೆಯಾಗುತ್ತದೆ. ಹಸುವಿಗೆ ಮಾತ್ರ ಔಷಧಿ ಹೊಡೆದು ಕೊಟ್ಟಿಗೆ ಬಿಟ್ಟರೆ ಮತ್ತೆ ಅದೇ ಕಥೆ.

ಹೊಸ ಹಸು ತಂದರೆ ಎರಡು-ಮೂರು ವಾರ ಬೇರೆ ಕಟ್ಟಿ, ಉಣ್ಣಿ ತೆಗೆಸಿ, ಜ್ವರ ನೋಡಿ. ಆನ್ಯುಲೇಟಾಗೆ ಭಾರತದಲ್ಲಿ ‘ರಕ್ಷಾವ್ಯಾಕ್-ಟಿ’ ಎಂಬ ಲಸಿಕೆ ಇದೆ. ಆದರೆ ಅದು ಓರಿಯೆಂಟಾಲಿಸ್‌ಗಲ್ಲ. ಗಬ್ಬದ ಹಸುವಿಗೆ ಹಾಕಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಅಂಗಡಿಯವರ ಗಮನಕ್ಕೆ

ಉಣ್ಣಿ ನಾಶಕ ಮಾರುವಾಗ ‘ಒಂದು ಮುಚ್ಚಳ ಹಾಕಿ’ ಎಂದು ಬಾಯಲ್ಲಿ ಹೇಳಿ ಕಳಿಸುವುದು ಸಾಲದು. ಎಷ್ಟು ಲೀಟರ್ ನೀರಿಗೆ ಎಷ್ಟು ಮಿಲಿ ಎಂದು ಚೀಟಿಯಲ್ಲಿ ಬರೆದು ಕೊಡಿ. ಗಟ್ಟಿ ಬೆರೆಸಿದರೆ ಹಸುವಿಗೂ ಹೊಡೆಯುವವರಿಗೂ ವಿಷ. ತೆಳುವಾದರೆ ಉಣ್ಣಿ ಸಾಯಲ್ಲ. ಗದ್ದೆ, ತೋಟದ ಕೀಟನಾಶಕವನ್ನು ದನಕ್ಕೆ ಕೊಡಬೇಡಿ. ಔಷಧಿ ಹಾಕಿದ ಮೇಲೆ ಎಷ್ಟು ದಿನ ಹಾಲು ಮಾರಬಾರದು ಎಂಬುದು ಲೇಬಲ್‌ನಲ್ಲಿರುತ್ತದೆ, ಅದನ್ನು ತೋರಿಸಿ. ಜ್ವರದ ಹಸುವಿಗೆ ಔಷಧಿ ಕೇಳಿ ಬಂದವರಿಗೆ ‘ಮೊದಲು ಡಾಕ್ಟರಿಗೆ ತೋರಿಸಿ’ ಎನ್ನುವ ಒಂದು ಮಾತು ಒಂದು ಹಸು ಉಳಿಸಬಹುದು.

ಥೈಲೀರಿಯಾ ಮನುಷ್ಯರಿಗೆ ಬರುವುದಿಲ್ಲ, ಭಯ ಬೇಡ. ಮಂಗನ ಕಾಯಿಲೆ ಬೇರೆ; ಅದು ವೈರಸ್. ಆದರೆ ಅದನ್ನೂ ಹರಡುವುದು ಕಾಡಿನ ಉಣ್ಣಿಯೇ. ಕಾಡಂಚಿಗೆ ಮೇಯಲು ಹೋದ ದನದ ಮೈಯಲ್ಲಿ ಆ ಉಣ್ಣಿ ಮನೆವರೆಗೂ ಬರಬಲ್ಲದು. ಹಸುವಿನ ಮೈ ನೋಡಿಕೊಂಡರೆ ಮನೆಯವರಿಗೂ ಒಳ್ಳೆಯದು.

ಜ್ವರ, ಗಂಟು, ಕೆಂಪು ಮೂತ್ರ – ಯಾವುದೇ ಒಂದು ಕಂಡರೂ ಕಾಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಿ.